ಹೆಚ್ಚು ವರ್ಷ ಇದ್ದವರೇ ಮೊದಲು ಹೊರಗೆ: ಸ್ಯಾನ್ ಫ್ರಾನ್ಸಿಸ್ಕೋದ ಹಿರಿಯ ಬಾಡಿಗೆದಾರರ ಪಾಡು

ಒಂದೇ ಮನೆಯಲ್ಲಿ ಮೂವತ್ತು ನಲವತ್ತು ವರ್ಷ ತಪ್ಪದೆ ಬಾಡಿಗೆ ಕಟ್ಟಿಕೊಂಡು ಬಂದವರನ್ನು ಒಕ್ಕಲೆಬ್ಬಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ ಆಗಿರಬೇಕು, ಅಲ್ವಾ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಾನೂನು ಓದಿದರೆ ಹಾಗೇ ಅನ್ನಿಸುತ್ತದೆ. ಅಲ್ಲಿ ಬಾಡಿಗೆ ನಿಯಂತ್ರಣ ಇದೆ. ಸರಿಯಾದ ಕಾರಣ ಇಲ್ಲದೆ ಮನೆ ಬಿಡಿಸುವ ಹಾಗಿಲ್ಲ. 60 ದಾಟಿದವರಿಗೆ ಇನ್ನೂ ಒಂದಿಷ್ಟು ರಕ್ಷಣೆ ಇದೆ. ಇಷ್ಟೆಲ್ಲ ಇದ್ದೂ ಆ ಊರಿನಲ್ಲಿ ಮನೆ ಖಾಲಿ ಮಾಡಿಸುವ ಸುದ್ದಿ ಬಂದಾಗಲೆಲ್ಲ ವಯಸ್ಸಾದವರ ಮುಖ ಮತ್ತೆ ಮತ್ತೆ ಕಾಣುತ್ತದೆ. 2017ರ ಫೆಬ್ರವರಿಯಲ್ಲಿ ನೂರು ವರ್ಷದ ಒಬ್ಬ ಮಹಿಳೆಯ ಮನೆಗೆ, ಕೋರ್ಟ್ ಆದೇಶ ಜಾರಿ ಮಾಡುವ ಶೆರಿಫ್ ಕಚೇರಿಯವರು ಬಂದು ಬೀಗ ಬದಲಿಸಿದರು. ಮುಂದಿನ ತಿಂಗಳು ಆಕೆ ತೀರಿಕೊಂಡರು.

ಇಂಥ ಸುದ್ದಿ ಓದಿದಾಗ ಸಿಟ್ಟು ಬರುತ್ತದೆ. ಯಾರೋ ದುರಾಸೆಯ ಮಾಲೀಕ ಅಂತ ಬೈದು ಮುಂದೆ ಹೋಗುತ್ತೇವೆ. ದುರಾಸೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ವಿಷಯ ಅರ್ಥವಾಗುವುದಿಲ್ಲ. ಅಲ್ಲಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಮಾಡಿದ ಮೂರು ನಾಲ್ಕು ಕಾನೂನುಗಳು ಒಂದಕ್ಕೊಂದು ಸೇರಿಕೊಂಡಿವೆ. ಅವೆಲ್ಲ ಸೇರಿ ಒಂದು ಲೆಕ್ಕ ಹುಟ್ಟಿಸಿವೆ. ಯಾರು ಹೆಚ್ಚು ವರ್ಷದಿಂದ ಇದ್ದಾರೋ ಅವರನ್ನು ಬಿಡಿಸಿದರೆ ಹೆಚ್ಚು ಲಾಭ. ಹೆಚ್ಚು ವರ್ಷದಿಂದ ಇರುವವರು ಸಹಜವಾಗಿಯೇ ವಯಸ್ಸಾದವರು. ಮಾಲೀಕ ಒಳ್ಳೆಯವನೋ ಕೆಟ್ಟವನೋ ಅನ್ನುವುದಕ್ಕಿಂತ ಈ ಲೆಕ್ಕವೇ ಹೆಚ್ಚು ಕೆಲಸ ಮಾಡುತ್ತದೆ.

ಇದು ನಮಗೆ ತೀರಾ ದೂರದ ವಿಷಯವೂ ಅಲ್ಲ. ನಮ್ಮ ಮನೆಗಳ ಎಷ್ಟೋ ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತಲಿನ ಐಟಿ ಕಂಪನಿಗಳಲ್ಲಿ ದುಡಿಯುತ್ತಾರೆ. ಅಲ್ಲೇ ಬಾಡಿಗೆಗೆ ಇರುತ್ತಾರೆ, ಅಲ್ಲೇ ಮನೆ ಕೊಳ್ಳುತ್ತಾರೆ. ತಾವು ಕಾಲಿಟ್ಟ ಮನೆಯಲ್ಲಿ ಮೊದಲು ಯಾರಿದ್ದರು, ಅವರು ಹೇಗೆ ಹೋದರು ಅನ್ನುವುದು ಅವರಿಗೂ ಗೊತ್ತಿರಬೇಕಾದ ಸಂಗತಿ.

ಲೆಕ್ಕ ಶುರುವಾಗಿದ್ದು ಎಲ್ಲಿ

1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 13 ಅನ್ನುವ ರಾಜ್ಯ ಸಂವಿಧಾನದ ತಿದ್ದುಪಡಿ ಪಾಸು ಮಾಡಿದರು. ಜನರ ನೇರ ಮತಕ್ಕೆ ಹಾಕುವ ಪ್ರಸ್ತಾಪಕ್ಕೆ ಅಲ್ಲಿ ಪ್ರೊಪೊಸಿಷನ್ ಅನ್ನುತ್ತಾರೆ. ಆಸ್ತಿ ತೆರಿಗೆಯ ಮೂಲ ದರ ಆಸ್ತಿಯ ಬೆಲೆಯ ಶೇ 1ಕ್ಕೆ ನಿಂತಿತು. ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ ಅಂತಾಯಿತು. ಆಸ್ತಿ ಕೈ ಬದಲಾದಾಗ ಮಾತ್ರ ಹೊಸ ಬೆಲೆಗೆ ಹೊಸ ತೆರಿಗೆ. ತೆರಿಗೆ ಇಳಿದರೆ ಬಾಡಿಗೆಯೂ ಇಳಿಯುತ್ತದೆ ಅಂತ ಆಗ ಹೇಳಿದ್ದರು. ಇಳಿಯಲಿಲ್ಲ. ಬಾಡಿಗೆದಾರರು ಸಿಟ್ಟಿಗೆದ್ದರು. 1979ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಾಡಿಗೆ ನಿಯಂತ್ರಣ ತಂದಿತು.

ಆ ನಿಯಮ ಈಗಲೂ ಇದೆ. 1979ರ ಜೂನ್‌ಗಿಂತ ಮೊದಲು ಕಟ್ಟಿದ ವಸತಿ ಕಟ್ಟಡಗಳಿಗೆ ಅದು ಅನ್ವಯಿಸುತ್ತದೆ. ಬೆಲೆಯೇರಿಕೆ ಎಷ್ಟಿದೆಯೋ ಅದರ ಶೇ 60ರಷ್ಟು ಮಾತ್ರ ವರ್ಷಕ್ಕೆ ಬಾಡಿಗೆ ಏರಿಸಬಹುದು. ಎಂಥ ವರ್ಷವಾದರೂ ಶೇ 7 ದಾಟುವಂತಿಲ್ಲ. ನಿವೃತ್ತಿ ಹಣದಲ್ಲಿ ಬದುಕುವವರಿಗೆ ಇದು ನಿಜವಾದ ಆಸರೆ. ಮುಂದಿನ ವರ್ಷದ ಬಾಡಿಗೆ ಎಷ್ಟು ಅಂತ ಮೊದಲೇ ಅಂದಾಜು ಸಿಗುತ್ತದೆ.

ಆದರೆ ಈ ನಿಯಂತ್ರಣ ಇರುವುದು ಆ ಬಾಡಿಗೆದಾರರಿಗೆ. ಮನೆಗೆ ಅಲ್ಲ. ಅವರು ಬಿಟ್ಟು ಹೋದ ದಿನ ಬಾಡಿಗೆ ಮಾರುಕಟ್ಟೆ ದರಕ್ಕೆ ಹಾರುತ್ತದೆ. ನಗರಗಳು ಇದನ್ನು ಬದಲಾಯಿಸದ ಹಾಗೆ 1995ರಲ್ಲಿ ರಾಜ್ಯವೇ ಒಂದು ಕಾಯ್ದೆ ಮಾಡಿತು. ಅದರ ಹೆಸರು ಕೋಸ್ಟಾ ಹಾಕಿನ್ಸ್. ಹೊಸ ಬಾಡಿಗೆದಾರರು ಬಂದಾಗ ಮಾಲೀಕ ತನಗೆ ಬೇಕಾದ ಬಾಡಿಗೆ ಹೇಳಬಹುದು. ನಗರ ಅಡ್ಡ ಬರುವಂತಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಕಲ್ಪನೆಯ ಲೆಕ್ಕ. ಮಿಷನ್ ಅನ್ನುವ ಬಡಾವಣೆಯಲ್ಲಿ ನಾಲ್ಕು ಮನೆಗಳ ಒಂದು ಹಳೆಯ ಮರದ ಕಟ್ಟಡ. ಮೇಲಿನ ಮಹಡಿಯಲ್ಲಿ 1983ರಿಂದ ಒಬ್ಬ ಅಜ್ಜಿ ಇದ್ದಾರೆ. 2015ರಲ್ಲಿ ಅವರ ಬಾಡಿಗೆ 800 ಡಾಲರ್. ಆ ವರ್ಷ ನಗರದಲ್ಲಿ ಒಂದು ಬೆಡ್‌ರೂಮಿನ ಮನೆಯ ಬಾಡಿಗೆ 3,500 ಡಾಲರ್ ಆಸುಪಾಸು ಇತ್ತು. ತಿಂಗಳಿಗೆ 2,700 ಡಾಲರ್ ವ್ಯತ್ಯಾಸ. ವರ್ಷಕ್ಕೆ 32,400. ಕೆಳಗಿನ ಮನೆಯಲ್ಲಿ ಆರು ವರ್ಷದ ಹಿಂದೆ ಬಂದ ಹುಡುಗನ ಬಾಡಿಗೆ 2,200 ಅಂತಿಟ್ಟುಕೊಳ್ಳಿ. ಅವನನ್ನು ಬಿಡಿಸಿದರೆ ಸಿಗುವುದು ತಿಂಗಳಿಗೆ 1,300 ಮಾತ್ರ. ಅಜ್ಜಿಯನ್ನು ಬಿಡಿಸಿದರೆ ಅದರ ಎರಡು ಪಟ್ಟಿಗಿಂತ ಹೆಚ್ಚು. ನಾಲ್ಕೂ ಮನೆಯಲ್ಲಿ ಅಜ್ಜಿಯಂಥವರೇ ಇದ್ದರೆ ವರ್ಷಕ್ಕೆ 1,29,600 ಡಾಲರ್. ಇದು ಬರೀ ಬಾಡಿಗೆಯ ಲೆಕ್ಕ. ಖಾಲಿ ಮಾಡಿಸಿ ಬಿಡಿಬಿಡಿಯಾಗಿ ಮಾರಿದರೆ ಲೆಕ್ಕವೇ ಬೇರೆ.

ಬಡಾವಣೆಗೆ ಹಣವಂತರು ಬಂದು ಸೇರಿ ಹಳಬರು ಜಾಗ ಬಿಡಬೇಕಾಗುವ ಈ ಪ್ರಕ್ರಿಯೆಯನ್ನು 1964ರಲ್ಲೇ ಲಂಡನ್ನಿನ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಗುರುತಿಸಿದ್ದರು. 1979ರಲ್ಲಿ ಭೂಗೋಳ ವಿದ್ವಾಂಸ ನೀಲ್ ಸ್ಮಿತ್ ಇದಕ್ಕೊಂದು ವಿವರಣೆ ಕೊಟ್ಟರು. ಒಂದು ಜಾಗ ಈಗ ಕೊಡುತ್ತಿರುವ ಆದಾಯಕ್ಕೂ ಅದು ಕೊಡಬಹುದಾದ ಆದಾಯಕ್ಕೂ ಅಂತರ ದೊಡ್ಡದಾದಾಗ ಬಂಡವಾಳ ಅಲ್ಲಿಗೆ ನುಗ್ಗುತ್ತದೆ ಅನ್ನುವುದು ಅವರ ವಾದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಅಂತರವನ್ನು ಬಡಾವಣೆ ಲೆಕ್ಕದಲ್ಲಿ ಅಷ್ಟೇ ಅಲ್ಲ, ಬಾಗಿಲು ಬಾಗಿಲಿಗೂ ಅಳೆಯಬಹುದು. ಯಾವ ಬಾಗಿಲ ಹಿಂದೆ ಹೆಚ್ಚು ಹಳೆಯ ಬಾಡಿಗೆದಾರರು ಇದ್ದಾರೋ ಅಲ್ಲಿ ಅಂತರ ಹೆಚ್ಚು.

ಈಗ ಅಜ್ಜಿಯ ಕಡೆಯಿಂದ ನೋಡಿ. 2015ರಲ್ಲಿ ಅಮೆರಿಕದಲ್ಲಿ ನಿವೃತ್ತ ಕೆಲಸಗಾರರಿಗೆ ಸೋಷಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿಯಿಂದ ಬರುತ್ತಿದ್ದ ಸರಾಸರಿ ಹಣ ತಿಂಗಳಿಗೆ 1,300 ಡಾಲರ್ ಚಿಲ್ಲರೆ. 800 ಬಾಡಿಗೆ ಕೊಟ್ಟರೆ 500 ಉಳಿಯುತ್ತದೆ. ಅದರಲ್ಲೇ ಊಟ, ಔಷಧಿ, ಕರೆಂಟು. 2016ರಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಈ ಹಣದಲ್ಲಿ ಆಗಬೇಕಿದ್ದ ಹೆಚ್ಚಳ ಸೊನ್ನೆ. ಹೊಸ ಮನೆ ಬಾಡಿಗೆಗೆ ಹಿಡಿಯಲು ಹೋದರೆ 3,500. ಅವರ ಇಡೀ ಆದಾಯದ ಎರಡೂವರೆ ಪಟ್ಟಿಗಿಂತ ಹೆಚ್ಚು. ಅಂದರೆ ಈ ಮನೆ ಹೋದರೆ ಊರೇ ಹೋದ ಹಾಗೆ. ಪಕ್ಕದ ಬೀದಿಗೆ ಹೋಗುವ ಆಯ್ಕೆಯೇ ಅವರಿಗಿಲ್ಲ.

ಬಾಗಿಲು ತೆರೆದ ಕಾಯ್ದೆ

ಸರಿ, ಸರಿಯಾದ ಕಾರಣ ಇಲ್ಲದೆ ಬಿಡಿಸುವ ಹಾಗಿಲ್ಲ ಅಂದೆವಲ್ಲ. ಅಜ್ಜಿ ಬಾಡಿಗೆ ಬಾಕಿ ಇಟ್ಟಿಲ್ಲ. ಗಲಾಟೆ ಮಾಡಿಲ್ಲ. ಮಾಲೀಕ ತಾನೇ ವಾಸಕ್ಕೆ ಬರುತ್ತೇನೆ ಅಂದರೂ, 60 ದಾಟಿ ಹತ್ತು ವರ್ಷ ಆ ಮನೆಯಲ್ಲಿದ್ದವರನ್ನು ಸಾಮಾನ್ಯವಾಗಿ ಆ ಕಾರಣಕ್ಕೆ ಎಬ್ಬಿಸುವಂತಿಲ್ಲ. ಹಾಗಾದರೆ ದಾರಿ ಯಾವುದು?

ದಾರಿ ಸಿಗುವುದು ಎಲ್ಲಿಸ್ ಕಾಯ್ದೆಯಲ್ಲಿ. ಇದರ ಹಿಂದೆ ಒಂದು ಮೊಕದ್ದಮೆ ಇದೆ. ಅದೇ ರಾಜ್ಯದ ಸ್ಯಾಂಟಾ ಮೋನಿಕಾ ನಗರದ ಒಬ್ಬ ಮಾಲೀಕ ತನ್ನ ಬಾಡಿಗೆ ಕಟ್ಟಡ ಕೆಡವಬೇಕು ಅಂದ. ನಗರ ಅನುಮತಿ ಕೊಡಲಿಲ್ಲ. 1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನಗರದ ಪರ ತೀರ್ಪು ಕೊಟ್ಟಿತು. ಬಾಡಿಗೆ ವ್ಯವಹಾರವೇ ಬೇಡ ಅನ್ನುವವರನ್ನೂ ಬಲವಂತವಾಗಿ ಮಾಲೀಕರಾಗಿ ಉಳಿಸುವುದು ಸರಿಯೇ ಅಂತ ಪ್ರಶ್ನೆ ಎದ್ದಿತು. ಮರುವರ್ಷ, 1985ರಲ್ಲಿ, ರಾಜ್ಯದ ಶಾಸಕಾಂಗ ಈ ಕಾಯ್ದೆ ಮಾಡಿತು. ಸೆನೆಟರ್ ಜಿಮ್ ಎಲ್ಲಿಸ್ ಹೆಸರು ಅದಕ್ಕೆ ಬಂತು.

ಕಾಯ್ದೆ ಹೇಳುವುದು ಇಷ್ಟು. ಮಾಲೀಕ ಬಾಡಿಗೆ ವ್ಯವಹಾರದಿಂದ ಹೊರಗೆ ಹೋಗಬಹುದು. ಆದರೆ ಇಡೀ ಕಟ್ಟಡವನ್ನು ಹೊರಗೆ ತರಬೇಕು, ಒಂದೆರಡು ಮನೆ ಆರಿಸಿಕೊಳ್ಳುವಂತಿಲ್ಲ. ಬಾಡಿಗೆದಾರರಿಗೆ 120 ದಿನದ ನೋಟಿಸ್ ಕೊಡಬೇಕು. 62 ದಾಟಿದವರು ಅಥವಾ ಅಂಗವಿಕಲರು ಅಲ್ಲಿ ಕನಿಷ್ಠ ಒಂದು ವರ್ಷದಿಂದ ಇದ್ದರೆ ಅವರು ಕೇಳಿಕೊಂಡು ಒಂದು ವರ್ಷದ ಅವಧಿ ಪಡೆಯಬಹುದು. ಮುಂದಿನ ಐದು ವರ್ಷದೊಳಗೆ ಮತ್ತೆ ಬಾಡಿಗೆಗೆ ಕೊಟ್ಟರೆ ಹಳೆಯ ಬಾಡಿಗೆಯ ಮಿತಿ ಅನ್ವಯಿಸುತ್ತದೆ.

ಈ ಒಂದು ವರ್ಷದ ರಿಯಾಯಿತಿಯನ್ನು ಹಿರಿಯರಿಗೆ ಕೊಟ್ಟ ದೊಡ್ಡ ರಕ್ಷಣೆ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 75 ವರ್ಷದವರಿಗೆ ಒಂದು ವರ್ಷದಲ್ಲಿ ಆದಾಯ ಹೆಚ್ಚುವುದಿಲ್ಲ. ಊರಿನ ಬಾಡಿಗೆ ಇಳಿಯುವುದಿಲ್ಲ. ಹಿರಿಯರಿಗೆ ಅಂತ ಇರುವ ರಿಯಾಯಿತಿ ಮನೆಗಳಿಗೆ ವರ್ಷಗಟ್ಟಲೆ ಕಾಯುವ ಪಟ್ಟಿ ಇದೆ. ಒಂದು ವರ್ಷ ಕೊಟ್ಟಿದ್ದು ಚಿಂತೆ ಮಾಡುವುದಕ್ಕೆ ಸಮಯ ಕೊಟ್ಟ ಹಾಗಾಯಿತು. ಹೋಗಿ ಇರಲು ಒಂದು ಮನೆ ಸಿಕ್ಕಲಿಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ, ಕಾಯ್ದೆಯನ್ನು ಬಳಸುವವರು ಯಾರು ಅನ್ನುವುದು. ವಯಸ್ಸಾಗಿ ಸುಸ್ತಾದ ಮಾಲೀಕ ಇನ್ನು ಸಾಕಪ್ಪ ಅಂತ ಹೊರಗೆ ಹೋಗಲಿ ಅನ್ನುವುದು ಮೂಲ ಉದ್ದೇಶ. 2014ರಲ್ಲಿ ಬಾಡಿಗೆದಾರರ ಪರ ಕೆಲಸ ಮಾಡುವ ಟೆನೆಂಟ್ಸ್ ಟುಗೆದರ್ ಸಂಸ್ಥೆ ಮತ್ತು ಆಂಟಿ ಎವಿಕ್ಷನ್ ಮ್ಯಾಪಿಂಗ್ ಪ್ರಾಜೆಕ್ಟ್ ಸೇರಿ ನಗರದ ದಾಖಲೆಗಳನ್ನು ಜಾಲಾಡಿ ಒಂದು ವರದಿ ತಂದವು. ಎಲ್ಲಿಸ್ ಕಾಯ್ದೆಯಡಿ ಖಾಲಿ ಮಾಡಿಸಿದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮಾಲೀಕರು ಕಟ್ಟಡ ಕೊಂಡ ಮೊದಲ ವರ್ಷದೊಳಗೇ ನಡೆದಿದ್ದವು. ವ್ಯವಹಾರಕ್ಕೆ ಇಳಿದು ವರ್ಷ ತುಂಬುವ ಮೊದಲೇ ವ್ಯವಹಾರ ಬಿಡುತ್ತೇನೆ ಅನ್ನುವವರು ಇವರು. ಒಂದು ಕಟ್ಟಡ ಖಾಲಿ ಮಾಡಿಸಿ ಮಾರಿ, ಇನ್ನೊಂದು ಕೊಂಡು ಮತ್ತೆ ಅದೇ ಕಾಯ್ದೆ ಬಳಸಬಹುದು. ತಡೆಯುವ ನಿಯಮ ಇಲ್ಲ.

ಕಟ್ಟಡ ಕೈ ಬದಲಾಗುವ ಗಳಿಗೆಯೇ ಅಪಾಯದ ಗಳಿಗೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಪ್ರೊಪೊಸಿಷನ್ 13 ಇಲ್ಲಿ ಮತ್ತೆ ಬರುತ್ತದೆ. ಹಳೆಯ ಮಾಲೀಕನಿಗೆ ಸಾಲ ತೀರಿರುತ್ತದೆ, ತೆರಿಗೆ ಕಡಿಮೆ ಇರುತ್ತದೆ. ಅಜ್ಜಿಯ 800 ಡಾಲರ್‌ನಲ್ಲೂ ಅವನಿಗೆ ನಡೆಯುತ್ತದೆ. ಅವನು ತೀರಿಕೊಂಡು ಮಕ್ಕಳು ಮಾರಿದರೆ, ಕೊಂಡವನಿಗೆ ದೊಡ್ಡ ಸಾಲ, ಹೊಸ ಬೆಲೆಯ ಮೇಲೆ ಹೊಸ ತೆರಿಗೆ. ಹಳೆಯ ಬಾಡಿಗೆಗಳಿಂದ ಕಂತೇ ಹುಟ್ಟುವುದಿಲ್ಲ. ಕಟ್ಟಡ ಖಾಲಿಯಾಗುತ್ತದೆ ಅನ್ನುವ ನಂಬಿಕೆಯನ್ನೂ ಸೇರಿಸಿಯೇ ಆತ ಬೆಲೆ ಕೊಟ್ಟಿರುತ್ತಾನೆ. 2020ರಲ್ಲಿ ಪಾಸಾದ ಪ್ರೊಪೊಸಿಷನ್ 19 ಇದನ್ನು ಇನ್ನಷ್ಟು ಬಿಗಿ ಮಾಡಿತು. ಮೊದಲು ಅಪ್ಪ ಅಮ್ಮನ ಬಾಡಿಗೆ ಕಟ್ಟಡ ಮಕ್ಕಳಿಗೆ ಬಂದಾಗ ಹಳೆಯ ತೆರಿಗೆ ಲೆಕ್ಕ ಒಂದು ಮಿತಿಯವರೆಗೆ ಮುಂದುವರಿಯುತ್ತಿತ್ತು. 2021ರ ಫೆಬ್ರವರಿಯಿಂದ ಆ ವಿನಾಯಿತಿ ಇಲ್ಲ. ಮಕ್ಕಳಿಗೆ ಕಟ್ಟಡ ಇಟ್ಟುಕೊಳ್ಳುವುದಕ್ಕಿಂತ ಮಾರುವುದೇ ಹಗುರ. ಬಾಡಿಗೆದಾರರಿಗೆ ಸಂಬಂಧವೇ ಇಲ್ಲ ಅನ್ನಿಸುವ ಒಂದು ತೆರಿಗೆ ನಿಯಮ ಕೊನೆಗೆ ಬಂದು ಮುಟ್ಟುವುದು ಮೇಲಿನ ಮಹಡಿಯ ಅಜ್ಜಿಯನ್ನು.

ದುಡ್ಡು ಕೊಟ್ಟು ಕಳಿಸುವುದು

ಎಲ್ಲ ಸಲವೂ ನೋಟಿಸ್ ಬರುವುದಿಲ್ಲ. ಎಷ್ಟೋ ಕಡೆ ಮೊದಲು ಬರುವುದು ಒಂದು ಮಾತು. ಇಷ್ಟು ದುಡ್ಡು ಕೊಡುತ್ತೇವೆ, ಖಾಲಿ ಮಾಡಿ. ಒಪ್ಪದಿದ್ದರೆ ಎಲ್ಲಿಸ್ ಹಾಕುತ್ತೇವೆ, ಆಗ ಇಷ್ಟೂ ಸಿಗುವುದಿಲ್ಲ. ಇದನ್ನು ಬೈಔಟ್ ಅನ್ನುತ್ತಾರೆ.

ಮಾಲೀಕನಿಗೆ ಇದರಲ್ಲಿ ಇನ್ನೊಂದು ಅನುಕೂಲ ಇತ್ತು. ಖಾಲಿ ಮಾಡಿಸಿದ ಕಟ್ಟಡವನ್ನು ಹಲವರು ಜಂಟಿಯಾಗಿ ಕೊಂಡು, ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಇರುವ ಪದ್ಧತಿ ಅಲ್ಲಿದೆ. ಟಿಐಸಿ ಅನ್ನುತ್ತಾರೆ. ಮುಂದೆ ಅದನ್ನು ಕಾಂಡೋ ಮಾಡಿಸಿಕೊಂಡರೆ ಪ್ರತಿ ಮನೆಗೂ ಬೇರೆ ಪತ್ರ ಆಗುತ್ತದೆ, ಬೆಲೆ ಏರುತ್ತದೆ. ಆದರೆ ಹಿರಿಯರನ್ನು ಎಬ್ಬಿಸಿದ ದಾಖಲೆ ಇದ್ದರೆ ಕಾಂಡೋ ಮಾಡಿಸಲು ನಗರ ಅಡ್ಡಿ ಮಾಡುತ್ತದೆ. ದುಡ್ಡು ಕೊಟ್ಟು ಕಳಿಸಿದರೆ ಎಬ್ಬಿಸಿದ ದಾಖಲೆಯೇ ಇರುತ್ತಿರಲಿಲ್ಲ. ಕಾಗದದ ಮೇಲೆ ಅವರು ತಾವಾಗಿ ಹೋದವರು. ಇದು ಗೊತ್ತಾಗಿ ನಗರ 2015ರ ಮಾರ್ಚ್‌ನಿಂದ ಹೊಸ ನಿಯಮ ತಂದಿತು. ಮಾತುಕತೆಗೆ ಮೊದಲು ಬಾಡಿಗೆದಾರರಿಗೆ ಅವರ ಹಕ್ಕುಗಳ ಪತ್ರ ಕೊಡಬೇಕು. ಒಪ್ಪಂದವನ್ನು, ಬಾಡಿಗೆ ನಿಯಮ ನೋಡಿಕೊಳ್ಳುವ ನಗರದ ಕಚೇರಿಯಾದ ರೆಂಟ್ ಬೋರ್ಡ್‌ಗೆ ಸಲ್ಲಿಸಬೇಕು. ಸಹಿ ಹಾಕಿದ ಮೇಲೂ 45 ದಿನದೊಳಗೆ ಬಾಡಿಗೆದಾರರು ಮನಸ್ಸು ಬದಲಾಯಿಸಬಹುದು. ಹಿರಿಯರಿಗೆ ದುಡ್ಡು ಕೊಟ್ಟು ಕಳಿಸಿದ್ದರೂ ಕಾಂಡೋ ಮಾಡಿಸಲು ಈಗ ಅಡ್ಡಿ ಇದೆ.

ಕೊಡುವ ದುಡ್ಡು ನೋಡಲು ದೊಡ್ಡದಾಗಿಯೇ ಇರುತ್ತದೆ. ನಮ್ಮ ಅಜ್ಜಿಗೆ 50,000 ಡಾಲರ್ ಕೊಟ್ಟರು ಅಂತಿಟ್ಟುಕೊಳ್ಳಿ. ಇಡೀ ಜೀವನದಲ್ಲಿ ಅಷ್ಟು ದುಡ್ಡು ಒಟ್ಟಿಗೆ ನೋಡಿರಲಿಕ್ಕಿಲ್ಲ. ಅದೇ ಊರಿನಲ್ಲಿ ಬೇರೆ ಮನೆ ಹಿಡಿದರೆ ತಿಂಗಳಿಗೆ 2,700 ಹೆಚ್ಚು ಬೇಕು. ಹದಿನೆಂಟು ತಿಂಗಳಿಗೆ ದುಡ್ಡು ಮುಗಿಯುತ್ತದೆ. ಆಮೇಲೆ ದುಡ್ಡೂ ಇಲ್ಲ, ಹಳೆಯ ಬಾಡಿಗೆಯ ಮನೆಯೂ ಇಲ್ಲ. ತೀರಾ ಬಡ ಹಿರಿಯರಿಗೆ ಕೇಂದ್ರ ಸರ್ಕಾರ ಕೊಡುವ ಎಸ್‌ಎಸ್‌ಐ ಅನ್ನುವ ನೆರವು ಇದೆ. ಅದನ್ನು ಪಡೆಯುವ ಒಂಟಿ ವ್ಯಕ್ತಿಯ ಹತ್ತಿರ 2,000 ಡಾಲರ್‌ಗಿಂತ ಹೆಚ್ಚು ಉಳಿತಾಯ ಇರುವಂತಿಲ್ಲ. 1989ರಿಂದ ಆ ಮಿತಿ ಬದಲಾಗಿಲ್ಲ. ಬೈಔಟ್ ಹಣ ಬ್ಯಾಂಕಿಗೆ ಬಿದ್ದು ಅಲ್ಲೇ ಉಳಿದರೆ ಆ ನೆರವು ನಿಂತುಹೋಗಬಹುದು. ಮಾತುಕತೆಗೆ ಬಂದವರು ಇದನ್ನು ಹೇಳಬೇಕಾಗಿಲ್ಲ. ಕೇಳಬೇಕು ಅಂತ ಅಜ್ಜಿಗೂ ಹೊಳೆಯುವುದಿಲ್ಲ.

ಎಲ್ಲಿಸ್ ನೋಟಿಸ್ ಕೊಟ್ಟಾಗಲೂ ಪರಿಹಾರ ಕೊಡಬೇಕು. 2005ರಲ್ಲಿ ನಗರ ಇದನ್ನು ಒಬ್ಬರಿಗೆ 4,500 ಡಾಲರ್, ಹಿರಿಯರಿಗೆ ಮೇಲೆ 3,000 ಅಂತ ನಿಗದಿ ಮಾಡಿತು. ಆಮೇಲೆ ವರ್ಷವರ್ಷ ಸ್ವಲ್ಪ ಏರುತ್ತಾ ಬಂದಿದೆ. ಬಿಡುವ ಮನೆಯ ಬಾಡಿಗೆಗೂ ಮಾರುಕಟ್ಟೆ ಬಾಡಿಗೆಗೂ ಇರುವ ವ್ಯತ್ಯಾಸವನ್ನು ಎರಡು ವರ್ಷದ ಲೆಕ್ಕದಲ್ಲಿ ಕೊಡಬೇಕು ಅಂತ 2014ರಲ್ಲಿ ನಗರ ಪ್ರಯತ್ನಿಸಿತು. ಅದೇ ವರ್ಷ ಫೆಡರಲ್ ಕೋರ್ಟ್ ಅದನ್ನು ರದ್ದು ಮಾಡಿತು. ಬಾಡಿಗೆ ಏರಿದ್ದಕ್ಕೆ ಒಬ್ಬ ಮಾಲೀಕ ಹೊಣೆ ಅಲ್ಲ ಅನ್ನುವ ಧಾಟಿಯ ವಾದ ಅಲ್ಲಿ ಗೆದ್ದಿತು.

1977ರ ಆ ರಾತ್ರಿ

ಇದೆಲ್ಲ ಐಟಿ ಕಂಪನಿಗಳು ಬಂದ ಮೇಲೆ ಶುರುವಾಯಿತು ಅಂದುಕೊಂಡರೆ ಇತಿಹಾಸ ತಪ್ಪುತ್ತದೆ. ಕೀರ್ನಿ ಬೀದಿಯಲ್ಲಿ ಇಂಟರ್‌ನ್ಯಾಷನಲ್ ಹೋಟೆಲ್ ಅಂತ ಒಂದು ಕಟ್ಟಡ ಇತ್ತು. ಹೆಸರಿಗೆ ಹೋಟೆಲ್. ಚಿಕ್ಕ ಚಿಕ್ಕ ಕೋಣೆಗಳು, ಕಡಿಮೆ ಬಾಡಿಗೆ. ಅಲ್ಲಿ ಇದ್ದವರು ಬಹುಪಾಲು ವಯಸ್ಸಾದ ಫಿಲಿಪಿನೋ ಮತ್ತು ಚೀನೀ ಗಂಡಸರು. ಫಿಲಿಪಿನೋಗಳು 1920, 30ರ ದಶಕದಲ್ಲಿ ಹುಡುಗರಾಗಿ ಬಂದವರು. ಹೊಲಗಳಲ್ಲಿ, ಅಲಾಸ್ಕಾದ ಮೀನು ಕಾರ್ಖಾನೆಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ ದುಡಿದರು. ಅವರು ಬಿಳಿಯ ಹೆಂಗಸರನ್ನು ಮದುವೆಯಾಗುವುದನ್ನು ಕ್ಯಾಲಿಫೋರ್ನಿಯಾ 1933ರಲ್ಲಿ ಕಾನೂನು ಮಾಡಿ ನಿಷೇಧಿಸಿತ್ತು. 1948ರವರೆಗೂ ಆ ನಿಷೇಧ ಇತ್ತು. 1934ರ ನಂತರ ಫಿಲಿಪೀನ್ಸಿನಿಂದ ವರ್ಷಕ್ಕೆ 50 ಜನ ಮಾತ್ರ ವಲಸೆ ಬರಬಹುದಿತ್ತು. ಹಾಗಾಗಿ ಎಷ್ಟೋ ಜನಕ್ಕೆ ಹೆಂಡತಿ ಮಕ್ಕಳು ಇರಲೇ ಇಲ್ಲ. ಅಕ್ಕಪಕ್ಕದ ಕೋಣೆಯವರೇ ಅವರ ಮನೆಮಂದಿ.

1968ರಲ್ಲಿ ಅವರಿಗೆ ಖಾಲಿ ಮಾಡಲು ನೋಟಿಸ್ ಬಂತು. ಪಕ್ಕದಲ್ಲೇ ಹಣಕಾಸು ಕಂಪನಿಗಳ ಎತ್ತರದ ಕಟ್ಟಡಗಳು ಏಳುತ್ತಿದ್ದವು. ಜಾಗಕ್ಕೆ ಬೆಲೆ ಬಂದಿತ್ತು. 1969ರಲ್ಲಿ ಬೆಂಕಿ ಬಿದ್ದು ಮೂವರು ಸತ್ತರು. ಆದರೂ ಒಂಬತ್ತು ವರ್ಷ ಹೋರಾಡಿದರು. ಒಂದು ಹಂತದಲ್ಲಿ ಶೆರಿಫ್ ರಿಚರ್ಡ್ ಹೋಂಗಿಸ್ಟೊ ಇವರನ್ನು ಎಬ್ಬಿಸಲು ಒಪ್ಪದೆ ಕೋರ್ಟ್ ನಿಂದನೆಗೆ ಐದು ದಿನ ಜೈಲಿಗೆ ಹೋದರು. ಕೊನೆಗೆ 1977ರ ಆಗಸ್ಟ್ 4ರ ನಸುಕಿನಲ್ಲಿ ನೂರಾರು ಪೊಲೀಸರು ಬಂದರು. ಸಾವಿರಾರು ಜನ ಕೈ ಕೈ ಹಿಡಿದು ಕಟ್ಟಡದ ಸುತ್ತ ನಿಂತಿದ್ದರು. ಪೊಲೀಸರು ಅವರನ್ನು ಸರಿಸಿ, ಏಣಿ ಹಾಕಿ ಮೇಲಿನಿಂದಲೂ ಒಳಗೆ ನುಗ್ಗಿದರು. ಮೊದಲು ಒಪ್ಪದಿದ್ದ ಅದೇ ಶೆರಿಫ್ ಈ ಸಲ ಸುತ್ತಿಗೆ ಹಿಡಿದು ಕೋಣೆಗಳ ಬಾಗಿಲು ಒಡೆದರು. ಬೆಳಗಾಗುವಷ್ಟರಲ್ಲಿ ಮುದುಕರು ಬೀದಿಯಲ್ಲಿದ್ದರು.

ಕಟ್ಟಡ ಕೆಡವಿದರು. ಜಾಗ ಎರಡು ದಶಕಕ್ಕೂ ಹೆಚ್ಚು ಕಾಲ ಖಾಲಿ ಬಿದ್ದಿತ್ತು. ಜನ ಬಿಡದೆ ಹಿಂದೆ ಬಿದ್ದಿದ್ದರಿಂದ 2005ರಲ್ಲಿ ಅಲ್ಲಿ ಬಡ ಹಿರಿಯರಿಗಾಗಿ ನೂರಕ್ಕೂ ಹೆಚ್ಚು ಮನೆಗಳ ಕಟ್ಟಡ ಎದ್ದಿತು. ಇದನ್ನು ಗೆಲುವು ಅನ್ನುತ್ತಾರೆ, ಗೆಲುವು ಹೌದು ಕೂಡ. ಆದರೆ 1977ರಲ್ಲಿ 70 ವರ್ಷ ಆಗಿದ್ದವರಿಗೆ 2005ರಲ್ಲಿ ಎಷ್ಟು ವಯಸ್ಸು? ಹಿರಿಯರ ವಿಷಯದಲ್ಲಿ ತಡವಾಗಿ ಸಿಕ್ಕ ನ್ಯಾಯ ಬೇರೆಯವರಿಗೆ ಸಿಗುತ್ತದೆ.

ಹೊಸ ಮನೆ ಸಿಕ್ಕರೂ

ಊರಾಚೆ ಅಗ್ಗದ ಜಾಗದಲ್ಲಿ ಮನೆ ಸಿಕ್ಕರೆ ಸಾಲದೇ ಅಂತ ಕೇಳುವವರಿದ್ದಾರೆ. ಮೂವತ್ತು ವರ್ಷದವರಿಗೆ ಸಾಕಾಗಬಹುದು. ಎಂಬತ್ತರ ಹತ್ತಿರ ಬಂದವರ ಬದುಕು ಮನೆಯೊಳಗೆ ಮಾತ್ರ ಇರುವುದಿಲ್ಲ. ಯಾವ ಬಸ್ಸಿಗೆ ಮೆಟ್ಟಿಲು ತಗ್ಗು ಅಂತ ಅವರಿಗೆ ಗೊತ್ತು. ಔಷಧಿ ಅಂಗಡಿಯವನು ಅವರ ಭಾಷೆಯಲ್ಲಿ, ಕ್ಯಾಂಟೋನೀಸ್‌ನಲ್ಲೋ ಸ್ಪ್ಯಾನಿಷ್‌ನಲ್ಲೋ, ಮಾತ್ರೆ ಯಾವಾಗ ಅಂತ ಹೇಳುತ್ತಾನೆ. ಎರಡು ದಿನ ಕಾಣದಿದ್ದರೆ ಎದುರು ಮನೆಯವರು ಬಾಗಿಲು ತಟ್ಟುತ್ತಾರೆ. ಕಣ್ಣು ಮಂಜಾದರೂ ಕತ್ತಲಲ್ಲಿ ಬಚ್ಚಲಿಗೆ ಎಷ್ಟು ಹೆಜ್ಜೆ ಅಂತ ಕಾಲಿಗೆ ಗೊತ್ತಿರುತ್ತದೆ. ಸರ್ಕಾರದ ನೆರವೂ ಜಾಗಕ್ಕೆ ಅಂಟಿಕೊಂಡಿದೆ. ಮನೆಗೆ ಬಂದು ಸ್ನಾನ ಮಾಡಿಸಿ ಅಡುಗೆ ಮಾಡಿಕೊಡುವ ಸಹಾಯಕರ ವ್ಯವಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಇದೆ, ಐಎಚ್‌ಎಸ್‌ಎಸ್ ಅಂತ. ಅದನ್ನು ನಡೆಸುವುದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಬೇರೆ ಕೌಂಟಿಗೆ ಹೋದರೆ ಕಡತ ವರ್ಗ ಆಗಬೇಕು. ಅಲ್ಲಿವರೆಗೆ ಬರುತ್ತಿದ್ದ ಸಹಾಯಕಿ ಅಷ್ಟು ದೂರ ಬರಲಾರಳು.

ಮನೆಯೇ ಸಿಗದವರ ಕಥೆ ಇನ್ನೂ ಕಷ್ಟದ್ದು. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಸಂಸ್ಥೆಯ ವೈದ್ಯೆ ಮಾರ್ಗಟ್ ಕುಶೆಲ್ ಮತ್ತು ತಂಡ ರಾಜ್ಯದ ಮನೆಯಿಲ್ಲದವರ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿತು. ಮನೆಯಿಲ್ಲದ ವಯಸ್ಕರಲ್ಲಿ ಅರ್ಧದ ಹತ್ತಿರ ಹತ್ತಿರ ಜನ 50 ದಾಟಿದವರು. ಅವರಲ್ಲಿ ಒಂಟಿಯಾಗಿರುವವರ ಪೈಕಿ ಶೇ 41ರಷ್ಟು ಜನ ಮೊದಲ ಸಲ ಮನೆ ಕಳೆದುಕೊಂಡಿದ್ದೇ 50ರ ನಂತರ. ಇಡೀ ಬದುಕು ದುಡಿದು ಬಾಡಿಗೆ ಕಟ್ಟಿದವರು ಇವರಲ್ಲಿ ಎಷ್ಟೋ ಜನ. ಮನೆ ಕಳೆದುಕೊಳ್ಳುವ ಮೊದಲಿನ ಆರು ತಿಂಗಳಲ್ಲಿ, ಅಧ್ಯಯನದಲ್ಲಿ ಇದ್ದವರ ಪೈಕಿ ಅರ್ಧದಷ್ಟು ಜನರ ಕುಟುಂಬದ ಆದಾಯ ತಿಂಗಳಿಗೆ 960 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇತ್ತು.

ಬಾಡಿಗೆ ನಿಯಂತ್ರಣವೇ ತಪ್ಪಾ?

ಅರ್ಥಶಾಸ್ತ್ರಜ್ಞರ ಒಂದು ವಾದ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. ಸ್ಟ್ಯಾನ್‌ಫರ್ಡ್‌ನ ರೆಬೆಕಾ ಡೈಮಂಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಊರಿನದ್ದೇ. 1994ರಲ್ಲಿ ಇಲ್ಲಿನ ಚಿಕ್ಕ ಕಟ್ಟಡಗಳಿಗೂ ಬಾಡಿಗೆ ನಿಯಂತ್ರಣ ವಿಸ್ತರಿಸಿದಾಗ ಏನಾಯಿತು ಅಂತ ಅವರು ನೋಡಿದರು. ಆಗ ಅಲ್ಲಿದ್ದ ಬಾಡಿಗೆದಾರರಿಗೆ, ಅದರಲ್ಲೂ ವಯಸ್ಸಾದವರಿಗೆ, ತಮ್ಮ ಮನೆಯಲ್ಲೇ ಉಳಿಯಲು ಅದು ನಿಜಕ್ಕೂ ನೆರವಾಯಿತು. ಆದರೆ ಆ ಕಟ್ಟಡಗಳ ಮಾಲೀಕರು ಮಾರಿಯೋ ಬದಲಾಯಿಸಿಯೋ ಬಾಡಿಗೆ ಮನೆಗಳನ್ನು ಶೇ 15ರಷ್ಟು ಕಡಿಮೆ ಮಾಡಿದರು. ಅದರಿಂದ ಊರಿನ ಒಟ್ಟು ಬಾಡಿಗೆ ಶೇ 5.1ರಷ್ಟು ಏರಿತು ಅಂತ ಅವರ ಲೆಕ್ಕ.

ನಿಯಂತ್ರಣ ತೆಗೆದುಹಾಕಿ ಅಂತ ಇದರಿಂದ ತೀರ್ಮಾನಿಸುವವರಿದ್ದಾರೆ. ನಾನು ಅದೇ ಅಂಕಿಗಳನ್ನು ಬೇರೆ ಥರ ಓದುತ್ತೇನೆ. ರಕ್ಷಣೆ ಕೆಲಸ ಮಾಡಿದೆ. ತೂತು ಇರುವುದು ಕಟ್ಟಡವನ್ನು ಬಾಡಿಗೆಯಿಂದ ಹೊರಗೆ ಒಯ್ಯುವ ಬಾಗಿಲಲ್ಲಿ. ಆ ಬಾಗಿಲು ತೆರೆದಿಟ್ಟು ಒಳಗಿನವರಿಗೆ ರಕ್ಷಣೆ ಕೊಟ್ಟರೆ ಹೀಗೇ ಆಗುವುದು. ಹೊಸ ಮನೆಗಳನ್ನು ಹೆಚ್ಚು ಕಟ್ಟಬೇಕು ಅನ್ನುವುದೂ ನಿಜ. ಈ ಊರು ದಶಕಗಳ ಕಾಲ ಸಾಕಷ್ಟು ಕಟ್ಟಲಿಲ್ಲ. ಆದರೆ ಇವತ್ತು ನೋಟಿಸ್ ಬಂದ 78 ವರ್ಷದವರಿಗೆ, ಹತ್ತು ವರ್ಷದಲ್ಲಿ ಮನೆಗಳು ಹೆಚ್ಚಾಗುತ್ತವೆ, ಬಾಡಿಗೆ ಇಳಿಯುತ್ತದೆ ಅಂತ ಹೇಳಿ ಪ್ರಯೋಜನವಿಲ್ಲ. ಎರಡೂ ಕೆಲಸ ಒಟ್ಟಿಗೆ ನಡೆಯಬೇಕು.

ಬಾಗಿಲು ಮುಚ್ಚುವ ಪ್ರಯತ್ನಗಳು ನಡೆದಿವೆ. ಕಟ್ಟಡ ಕೊಂಡು ಐದು ವರ್ಷ ಆಗುವವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲ್ಲಿಸ್ ಬಳಸುವಂತಿಲ್ಲ ಅಂತ 2014ರಲ್ಲಿ ಸೆನೆಟರ್ ಮಾರ್ಕ್ ಲೆನೊ ಮಸೂದೆ ತಂದರು. ಅದು ಅಸೆಂಬ್ಲಿ ಸಮಿತಿಯಲ್ಲೇ ಸತ್ತಿತು. ಬೇಗ ಕೊಂಡು ಬೇಗ ಮಾರುವವರಿಗೆ ಹೆಚ್ಚಿನ ತೆರಿಗೆ ಹಾಕುವ ಪ್ರೊಪೊಸಿಷನ್ ಜಿ ಅದೇ ವರ್ಷ ನವೆಂಬರ್‌ನಲ್ಲಿ ನಗರದ ಮತದಾರರ ಮುಂದೆ ಸೋತಿತು. ಕೋಸ್ಟಾ ಹಾಕಿನ್ಸ್ ಕಾಯ್ದೆಯನ್ನು ತೆಗೆಯುವ ಇಲ್ಲವೇ ಸಡಿಲಿಸುವ ಪ್ರಸ್ತಾಪಗಳನ್ನು 2018, 2020, 2024ರಲ್ಲಿ ಮೂರೂ ಸಲ ರಾಜ್ಯದ ಮತದಾರರು ತಿರಸ್ಕರಿಸಿದರು. ನನಗೆ ಇವುಗಳಲ್ಲಿ ಲೆನೊ ಅವರ ಮಸೂದೆಯ ಸೋಲೇ ಹೆಚ್ಚು ಬೇಸರ ತರುತ್ತದೆ. ಅದು ಬಾಡಿಗೆ ದರ ಮುಟ್ಟುತ್ತಿರಲಿಲ್ಲ. ನಿಜವಾಗಿ ಸುಸ್ತಾದ ಹಳೆಯ ಮಾಲೀಕರಿಗೂ ಅಡ್ಡಿ ಮಾಡುತ್ತಿರಲಿಲ್ಲ. ಕೊಂಡ ವರ್ಷವೇ ಖಾಲಿ ಮಾಡಿಸುವವರನ್ನು ಮಾತ್ರ ತಡೆಯುತ್ತಿತ್ತು.

ಗೆದ್ದವೂ ಇವೆ. 2018ರಲ್ಲಿ ನಗರದ ಮತದಾರರು, ಮನೆ ಬಿಡಿಸುವ ಮೊಕದ್ದಮೆ ಎದುರಿಸುವ ಬಾಡಿಗೆದಾರರಿಗೆ ನಗರವೇ ವಕೀಲರನ್ನು ಒದಗಿಸಬೇಕು ಅಂತ ತೀರ್ಮಾನಿಸಿದರು. ಒಬ್ಬಂಟಿ ಹಿರಿಯರಿಗೆ ಇದು ಸಣ್ಣ ಮಾತಲ್ಲ. 2014ರಲ್ಲಿ ಶುರುವಾದ ಸ್ಮಾಲ್ ಸೈಟ್ಸ್ ಯೋಜನೆಯಲ್ಲಿ ಲಾಭದಾಸೆಯಿಲ್ಲದ ಸಂಸ್ಥೆಗಳು ನಗರದ ನೆರವಿನಿಂದ ಹಳೆಯ ಚಿಕ್ಕ ಕಟ್ಟಡಗಳನ್ನು, ಒಳಗಿರುವ ಬಾಡಿಗೆದಾರರ ಸಮೇತ, ಕೊಳ್ಳುತ್ತವೆ. 2019ರ ಕೋಪಾ ನಿಯಮದ ಪ್ರಕಾರ ಮೂರು ಅಥವಾ ಹೆಚ್ಚು ಮನೆಗಳ ಕಟ್ಟಡ ಮಾರಾಟಕ್ಕೆ ಬಂದರೆ ಇಂಥ ಸಂಸ್ಥೆಗಳಿಗೆ ಮೊದಲು ಅವಕಾಶ ಕೊಡಬೇಕು. ಮೇಲೆ ಹೇಳಿದ ಲೆಕ್ಕ ನಿಜವಾಗಿ ಬದಲಾಗುವುದು ಇಲ್ಲಿ. ಕಟ್ಟಡ ಕೈ ಬದಲಾಗುವ ಅಪಾಯದ ಗಳಿಗೆಯಲ್ಲೇ ಅದು ಮಾರುಕಟ್ಟೆಯಿಂದ ಆಚೆ ಬರುತ್ತದೆ. ಅಜ್ಜಿಯನ್ನು ಬಿಡಿಸಿದರೆ ಯಾರಿಗೂ ಲಾಭ ಇರುವುದಿಲ್ಲ. ದುಡ್ಡು ಜಾಸ್ತಿ ಬೇಕು, ಒಂದು ಸಲಕ್ಕೆ ಕೆಲವೇ ಮನೆ ಉಳಿಯುತ್ತವೆ, ನಿಜ. ಆದರೆ ಮನೆ ಕಳೆದುಕೊಂಡ ಮೇಲೆ ಆಸ್ಪತ್ರೆಗೆ, ಆಶ್ರಯ ತಾಣಕ್ಕೆ ಸರ್ಕಾರ ಮಾಡುವ ಖರ್ಚೂ ಸಣ್ಣದಲ್ಲ. ಇನ್ನಷ್ಟು ಹಣ ಹಾಕಬೇಕಾದ ಜಾಗ ಇದೇ ಅಂತ ನನ್ನ ನಂಬಿಕೆ.

ಆ ಊರಿನಲ್ಲಿ ಮನೆ ಕೊಳ್ಳಲು ಹೊರಟ ನಮ್ಮವರಿಗೆ ಒಂದು ಮಾತು. ಟಿಐಸಿ ಮನೆ ಅಥವಾ ಹಳೆಯ ಕಟ್ಟಡದ ಒಂದು ಭಾಗ ನೋಡುತ್ತಿದ್ದರೆ, ಇದು ಖಾಲಿಯಾಗಿದ್ದು ಹೇಗೆ ಅಂತ ಏಜೆಂಟರನ್ನು ಕೇಳಿ. ಉತ್ತರ ಬರೀ ಬಾಯಿಮಾತಿನದ್ದಾದರೆ ಬಿಡಬೇಡಿ. ಎಲ್ಲಿಸ್ ಬಳಸಿದ್ದರೆ ಅದರ ನಿರ್ಬಂಧಗಳು ಆಸ್ತಿಯ ಮೇಲೆ ನೋಂದಣಿ ಆಗಿರುತ್ತವೆ. 2015ರ ನಂತರದ ಬೈಔಟ್ ಒಪ್ಪಂದಗಳು ರೆಂಟ್ ಬೋರ್ಡ್‌ನಲ್ಲಿ ಇರುತ್ತವೆ, ಬಾಡಿಗೆದಾರರ ಹೆಸರು ಮರೆಮಾಡಿ ಸಾರ್ವಜನಿಕರಿಗೆ ನೋಡಲು ಸಿಗುತ್ತವೆ. ಹಿರಿಯರನ್ನು ಎಬ್ಬಿಸಿದ ಕಟ್ಟಡಕ್ಕೆ ಕಾಂಡೋ ಅವಕಾಶ ಸಿಗದೇ ಹೋಗಬಹುದು, ಬಾಡಿಗೆಗೆ ಕೊಡಲೂ ವರ್ಷಗಟ್ಟಲೆ ನಿರ್ಬಂಧ ಇರಬಹುದು. ಕೇಳುವುದರಿಂದ ನಿಮ್ಮ ದುಡ್ಡಿಗೂ ರಕ್ಷಣೆ. ಕೊಳ್ಳುವವರೆಲ್ಲ ಹೀಗೆ ಕೇಳಲು ಶುರು ಮಾಡಿದರೆ, ಅಜ್ಜಿಯನ್ನು ಎಬ್ಬಿಸಿ ಖಾಲಿ ಮಾಡಿದ ಮನೆಗೆ ಈಗ ಸಿಗುವ ಬೆಲೆ ಸಿಗುವುದಿಲ್ಲ.